ಬಣ್ಣಕ್ಕೆ ಹೋಗಿ ನೆರಳು ತಂದವರು

ಡೆಕ್ಕನ್ ಜಿಮಖಾನಾ ಕಡೆಯಿಂದ ಲಾ ಕಾಲೇಜು ರಸ್ತೆಯತ್ತ ನಡೆದರೆ ಪ್ರಭಾತ್ ರೋಡ್ ಅಂತ ಒಂದು ರಸ್ತೆ ಸಿಗುತ್ತದೆ. ಪುಣೆಯಲ್ಲಿ ಓದುವ ನಮ್ಮಲ್ಲಿ ಎಷ್ಟೋ ಜನ ಅಲ್ಲೇ ಓಡಾಡುತ್ತೇವೆ. ಆ ಹೆಸರು ಯಾಕೆ ಬಂತು ಅಂತ ಯಾರಾದರೂ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೇವೆ. ಆ ಕಡೆ ಇವತ್ತು ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಪ್ರಭಾತ್ ಫಿಲ್ಮ್ ಕಂಪನಿ ಇತ್ತು. ಆ ಕಂಪನಿಯ ಐದು ಜನ ಪಾಲುದಾರರಲ್ಲಿ ವಿ. ಶಾಂತಾರಾಮ್ ಒಬ್ಬರು. ಅವರ ಇಡೀ ಜೀವನ ಬರೆಯುವುದಕ್ಕೆ ನಮ್ಮ ಈ ನಾಲ್ಕು ಹಾಳೆ ಸಾಲದು. ಅವರು ಮೊದಲ ಸಲ ಕಡಲು ದಾಟಿ ಹೋದ ಒಂದು ವರ್ಷ, 1933, ಅದನ್ನು ನಡುವೆ ಇಟ್ಟುಕೊಂಡು ಹಿಂದೆ ಮುಂದೆ ನೋಡೋಣ ಅಂತ ಈ ಬರಹ.

ಮೊದಲು ಅವರು ನಮ್ಮ ಹುಬ್ಬಳ್ಳಿಗೂ ಹತ್ತಿರದವರು ಅನ್ನುವ ಸಂಗತಿ ಹೇಳಿಬಿಡಬೇಕು. ಶಾಂತಾರಾಮ್ ರಾಜಾರಾಮ್ ವಣಕುದ್ರೆ ಹುಟ್ಟಿದ್ದು 1901ರ ನವೆಂಬರ್ 18ರಂದು, ಕೊಲ್ಹಾಪುರದಲ್ಲಿ. ತಂದೆ ಜೈನರು, ತಾಯಿ ಹಿಂದೂ. ಮನೆಯಲ್ಲಿ ಅನುಕೂಲ ಕಡಿಮೆ. ಶಾಲೆಯ ಓದು ಅರ್ಧಕ್ಕೇ ನಿಂತಿತು. ಹುಡುಗನಾಗಿದ್ದಾಗ ಸ್ವಲ್ಪ ದಿನ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಯಲ್ಲಿದ್ದ. ಮಾತು, ಹಾಡು, ಬಣ್ಣ, ಪರದೆ, ಎಲ್ಲವನ್ನೂ ಅಲ್ಲಿ ಕಂಡ. ಅದೂ ಹೆಚ್ಚು ದಿನ ನಡೆಯಲಿಲ್ಲ. ಆಮೇಲೆ ಹುಬ್ಬಳ್ಳಿ. ಹಗಲು ರೈಲ್ವೆ ಕಾರ್ಖಾನೆಯಲ್ಲಿ ಕೈಕೆಲಸ, ಅದು ಮುಗಿದ ಮೇಲೆ ಊರಿನ ತಗಡಿನ ಷೆಡ್ಡಿನ ಸಿನೆಮಾದಲ್ಲಿ ಬಾಗಿಲು ಕಾಯುವ ಕೆಲಸ. ಬೋರ್ಡು ಬರೆಯುವುದೂ ಇತ್ತು. ಬಾಗಿಲು ಕಾಯುವವನಿಗೆ ಒಂದು ಲಾಭ ಇದೆ, ನೋಡಿ. ದುಡ್ಡು ಕೊಟ್ಟವರು ಒಂದು ಸಲ ನೋಡುವ ಚಿತ್ರವನ್ನು ಅವನು ಬಿಟ್ಟಿಯಾಗಿ ಎಷ್ಟೋ ಸಲ ನೋಡುತ್ತಾನೆ. ಎರಡನೆಯ ಸಲಕ್ಕೆ ಕಥೆ ಹಳತಾಗುತ್ತದೆ, ಆಮೇಲೆ ಕಣ್ಣಿಗೆ ಬೀಳುವುದು ಅದನ್ನು ಮಾಡಿದ ರೀತಿ. ಕಾಲೇಜು ಮೆಟ್ಟಿಲು ಹತ್ತದ ಆ ಹುಡುಗನಿಗೆ ಹುಬ್ಬಳ್ಳಿಯ ತಗಡಿನ ಷೆಡ್ಡೇ ಮೊದಲ ತರಗತಿ ಅಂದರೆ ಹೆಚ್ಚಾಗಲಾರದು.

1920ರ ಸುಮಾರಿಗೆ ಶಾಂತಾರಾಮ್ ಕೊಲ್ಹಾಪುರಕ್ಕೆ ಮರಳಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸೇರಿದರು. ಅಲ್ಲಿಗೆ ಕರೆದುಕೊಂಡು ಹೋದದ್ದು ಸೋದರಸಂಬಂಧಿ ಬಾಬುರಾವ್ ಪೆಂಢಾರ್‌ಕರ್. ಬಾಬುರಾವ್ ಪೇಂಟರ್ ಹೆಸರಿಗೆ ತಕ್ಕಂತೆ ಚಿತ್ರಕಾರರು, ನಾಟಕದ ಪರದೆ ಬರೆದವರು. ಸಿನೆಮಾದ ಹುಚ್ಚು ಹಿಡಿದು ತಮ್ಮ ಕ್ಯಾಮೆರಾವನ್ನು ತಾವೇ ಕಟ್ಟಿಕೊಂಡವರು. ಅವರ ಕಂಪನಿಯಲ್ಲಿ ಇದು ನನ್ನ ಕೆಲಸ, ಅದು ನಿನ್ನ ಕೆಲಸ ಅನ್ನುವ ಗೆರೆ ಇರಲಿಲ್ಲ. ಕಸ ಗುಡಿಸುವುದರಿಂದ ಹಿಡಿದು ಫಿಲ್ಮ್ ತೊಳೆಯುವವರೆಗೆ ಎಲ್ಲರೂ ಎಲ್ಲ ಮಾಡಬೇಕು. 1921ರ 'ಸುರೇಖಾ ಹರಣ'ದಲ್ಲಿ ಶಾಂತಾರಾಮ್ ಕೃಷ್ಣನಾದರು. 1925ರ 'ಸಾವಕಾರೀ ಪಾಶ್'ದಲ್ಲಿ ಸಾಲದಲ್ಲಿ ಸಿಕ್ಕಿ ಹೊಲ ಕಳೆದುಕೊಳ್ಳುವ ರೈತನಾದರು. 1927ರಲ್ಲಿ 'ನೇತಾಜಿ ಪಾಲ್ಕರ್' ಚಿತ್ರದ ನಿರ್ದೇಶನವೂ ಕೈಗೆ ಬಂತು.

1929ರ ಜೂನ್ 1ರಂದು ಐದು ಜನ ಸೇರಿ ಕೊಲ್ಹಾಪುರದಲ್ಲೇ ಪ್ರಭಾತ್ ಕಟ್ಟಿದರು. ವಿ.ಜಿ. ದಾಮ್ಲೆ, ಎಸ್. ಫತ್ತೇಲಾಲ್, ಕೇಶವರಾವ್ ಧಾಯ್ಬರ್ ಮತ್ತು ಶಾಂತಾರಾಮ್, ಈ ನಾಲ್ವರೂ ಪೇಂಟರ್ ಅವರ ಗರಡಿಯಲ್ಲಿ ಪಳಗಿದವರು. ಐದನೆಯವರು ಎಸ್.ಬಿ. ಕುಲಕರ್ಣಿ, ದುಡ್ಡು ಹಾಕಿದವರು. ಕೆಲವು ಮೂಕಿ ಚಿತ್ರ ಮಾಡಿದರು. ಅಷ್ಟರಲ್ಲಿ 1931ರಲ್ಲಿ 'ಆಲಂ ಆರಾ' ಬಂತು, ಸಿನೆಮಾ ಮಾತಾಡಿತು. ಮರುವರ್ಷವೇ ಪ್ರಭಾತ್ 'ಅಯೋಧ್ಯೇಚಾ ರಾಜಾ' ತೆಗೆಯಿತು. ಗೋವಿಂದರಾವ್ ಟೇಂಬೆ ಹರಿಶ್ಚಂದ್ರ, ದುರ್ಗಾ ಖೋಟೆ ತಾರಾಮತಿ. ಮರಾಠಿಯ ಮೊದಲ ಮಾತಿನ ಚಿತ್ರ ಅದು. ಜನ ಮುಗಿಬಿದ್ದರು. ಇದೇ ಕೊಲ್ಹಾಪುರದ ಇನ್ನೊಂದು ಸ್ಟುಡಿಯೋದಲ್ಲೇ ನಮ್ಮ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತಯಾರಾಗಿ 1934ರಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿತು. ಅಂದಮೇಲೆ ಕೊಲ್ಹಾಪುರದ ಋಣ ನಮ್ಮ ಮೇಲೂ ಇದೆ ಅನ್ನಿ.

ಮಾತು ಬಂದಾಯಿತು, ಇನ್ನು ಬಾಕಿ ಉಳಿದದ್ದು ಬಣ್ಣ. ಪೂರ್ತಿ ಬಣ್ಣದ ಚಿತ್ರವನ್ನು ಆಗ ಈ ದೇಶದಲ್ಲಿ ಯಾರೂ ಮಾಡಿರಲಿಲ್ಲ. ಪ್ರಭಾತ್‌ದವರು ಅದಕ್ಕೆ ಕೈ ಹಾಕಿದರು. ಆರಿಸಿಕೊಂಡ ಕಥೆ 'ಸೈರಂಧ್ರಿ'. ನಮಗೆ ಈ ಕಥೆ ಹೊಸದಲ್ಲ. ಕುಮಾರವ್ಯಾಸನ ವಿರಾಟಪರ್ವ ಪಠ್ಯದಲ್ಲಿ ಓದಿದವರಿಗೆ, ಯಕ್ಷಗಾನದಲ್ಲಿ ಕೀಚಕವಧೆ ನೋಡಿದವರಿಗೆ ದ್ರೌಪದಿಯ ಆ ಸಂಕಟ, ನಡುರಾತ್ರಿಯ ನಾಟ್ಯಶಾಲೆ, ಭೀಮನ ಮುಷ್ಟಿ, ಎಲ್ಲ ಕಣ್ಣಿಗೆ ಕಟ್ಟಿದಂತೆಯೇ ಇದೆ. ಮರಾಠಿಯವರಿಗೆ ಅದರಲ್ಲಿ ಇನ್ನೂ ಒಂದು ಎಳೆ ಇತ್ತು. ಖಾಡಿಲ್ಕರ್ 1907ರಲ್ಲಿ ಬರೆದ 'ಕೀಚಕವಧ' ನಾಟಕದಲ್ಲಿ ಜನ ಕೀಚಕನ ಜಾಗದಲ್ಲಿ ಲಾರ್ಡ್ ಕರ್ಜನ್‌ನನ್ನು ಕಂಡರು, ಸರಕಾರವೂ ಹಾಗೇ ಕಂಡು 1910ರಲ್ಲಿ ಆ ನಾಟಕವನ್ನೇ ನಿಷೇಧಿಸಿತು. ಗುರು ಬಾಬುರಾವ್ ಪೇಂಟರ್ ತೆಗೆದ ಮೊದಲ ಚಿತ್ರವೂ 'ಸೈರಂಧ್ರಿ'ಯೇ. 1920ರಲ್ಲಿ ಅದು ಪುಣೆಯಲ್ಲಿ ತೆರೆ ಕಂಡಾಗ ಲೋಕಮಾನ್ಯ ತಿಲಕರು ಮೆಚ್ಚಿ ಪೇಂಟರ್ ಅವರನ್ನು ಸಿನೆಮಾ ಕೇಸರಿ ಅಂತ ಹರಸಿದರು. ಅಂಥ ಕಥೆಯನ್ನು ಶಿಷ್ಯ ಮತ್ತೆ ಮುಟ್ಟುವುದು, ಅದೂ ಮಾತು ಮತ್ತು ಬಣ್ಣ ಎರಡನ್ನೂ ಕೂಡಿಸಿ, ಅಂದರೆ ಅದರಲ್ಲಿ ಸ್ವಲ್ಪ ಪಂಥವೂ ಇದ್ದಿರಬೇಕು.

ಚಿತ್ರೀಕರಣ ಇಲ್ಲೇ ನಡೆಯಿತು. ಆದರೆ ಬಣ್ಣದ ಪ್ರಿಂಟು ತೆಗೆಯುವ ಸೌಕರ್ಯ ನಮ್ಮ ದೇಶದಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಫಿಲ್ಮಿನ ಡಬ್ಬಿಗಳನ್ನು ಕಟ್ಟಿಕೊಂಡು ಶಾಂತಾರಾಮ್ ಜರ್ಮನಿಗೆ ಹೊರಟರು. ಆಗ ಅವರಿಗೆ ಮೂವತ್ತೊಂದು ವರ್ಷ.

ಆ ಕಾಲದ ವಿಲಾಯತಿ ಪ್ರಯಾಣ ಅಂದರೆ ಬೊಂಬಾಯಿಯಲ್ಲಿ ಹಡಗು ಹತ್ತಿ, ಸೂಯೆಜ್ ದಾಟಿ, ಯುರೋಪಿನ ಯಾವುದೋ ರೇವಿನಲ್ಲಿ ಇಳಿದು ಮತ್ತೆ ರೈಲು ಹಿಡಿಯುವುದು. ವಾರಗಟ್ಟಲೆ ಬೇಕು. ಮನೆಯ ಸುದ್ದಿ ತಿಳಿಯಲು ಅಷ್ಟೇ ವಾರ ಟಪಾಲಿನ ದಾರಿ ಕಾಯಬೇಕು. ನಮ್ಮ ಕಡೆಯವರು ಆಗ ಕಡಲು ದಾಟುತ್ತಿದ್ದದ್ದು ಬಹುಮಟ್ಟಿಗೆ ಬ್ಯಾರಿಸ್ಟರಿಕೆಗೆ, ಐ.ಸಿ.ಎಸ್.ಗೆ, ಇಲ್ಲವೇ ಡಾಕ್ಟರಿಕೆಗೆ. ಅಂಥವರ ನಡುವೆ ಹುಬ್ಬಳ್ಳಿಯಲ್ಲಿ ಬಾಗಿಲು ಕಾಯ್ದ ಒಬ್ಬರು, ಶಾಲೆಯ ಓದನ್ನೂ ಮುಗಿಸದವರು, ಕೀಚಕವಧೆಗೆ ಬಣ್ಣ ಬಳಿಸಿಕೊಂಡು ಬರುತ್ತೇನೆ ಅಂತ ಹೊರಟದ್ದನ್ನು ನೆನೆದರೆ ಈಗಲೂ ಒಂದು ಥರಾ ರೋಮಾಂಚನ ಆಗುತ್ತದೆ. ಹಿಂದೆ ಕೊಲ್ಹಾಪುರದಲ್ಲಿ ನಾಲ್ಕು ಜನ ಪಾಲುದಾರರು ಕಾಯುತ್ತಿದ್ದಾರೆ. ಹೋಗಿರುವುದು ತನ್ನೊಬ್ಬನ ದುಡ್ಡಲ್ಲ. ಆ ಭಾರ ಎಂಥದು ಅಂತ ಮನೆಯವರ ದುಡ್ಡಿನಲ್ಲಿ ಪರಊರಿಗೆ ಬಂದು ಓದುವ ನಮಗೆ ಬೇರೆ ಹೇಳಬೇಕಾಗಿಲ್ಲ.

ಅವರು ಹೋದ ವರ್ಷವೂ ಸಾಮಾನ್ಯದ್ದಲ್ಲ. 1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸೆಲರ್ ಆದ. ಮೇ ತಿಂಗಳಲ್ಲಿ ಬರ್ಲಿನ್ನಿನ ಚೌಕದಲ್ಲಿ ವಿದ್ಯಾರ್ಥಿಗಳೇ, ಗಮನಿಸಿ, ನಮ್ಮಂಥ ವಿದ್ಯಾರ್ಥಿಗಳೇ, ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. 'ಮೆಟ್ರೊಪೊಲಿಸ್' ಮಾಡಿದ ಫ್ರಿಟ್ಜ್ ಲಾಂಗ್ ಅದೇ ವರ್ಷ ದೇಶ ಬಿಟ್ಟ. ಇನ್ನೂ ಎಷ್ಟೋ ಚಿತ್ರಕರ್ಮಿಗಳು ಪ್ಯಾರಿಸ್, ಲಂಡನ್, ಹಾಲಿವುಡ್ ಅಂತ ಚದುರಿ ಹೋದರು. ಹದಿಮೂರು ಹದಿನಾಲ್ಕು ವರ್ಷ ಉರಿದ ಒಂದು ದೀಪ ಆರುವ ಹೊತ್ತಿಗೆ ನಮ್ಮವರು ಅಲ್ಲಿಗೆ ಮುಟ್ಟಿದರು.

ಯಾವುದು ಆ ದೀಪ? ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಸಿನೆಮಾದಲ್ಲಿ ಹೊಸದೊಂದನ್ನು ಕಂಡುಕೊಂಡಿತ್ತು. 1920ರ 'ಕ್ಯಾಲಿಗರಿ', 1922ರ 'ನೊಸ್ಫೆರಾತು', 1931ರ 'ಎಂ', ಇವುಗಳಲ್ಲಿ ಬೆಳಕು ಇರುವುದು ಬರೀ ಮುಖ ಕಾಣಿಸಲಿ ಅಂತ ಅಲ್ಲ. ಗೋಡೆಯ ಮೇಲೆ ಏರುವ ನೆರಳು ಮನುಷ್ಯನಿಗಿಂತ ಮೊದಲೇ ಬರುತ್ತದೆ. ಮೆಟ್ಟಿಲು ಓರೆಯಾಗಿರುತ್ತದೆ, ಬಾಗಿಲು ಸೊಟ್ಟಗಿರುತ್ತದೆ, ಒಳಗಿನ ಭಯ ಹೊರಗಿನ ಮನೆಯಲ್ಲೇ ಮೂಡುತ್ತದೆ. ನಮ್ಮ ಚಿತ್ರಗಳಲ್ಲಿ ಆಗಿನ್ನೂ ನಾಟಕದ ಪರದೆಯ ಮುಂದೆ ನಟರನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಮೇಲೂ ಸಮನಾಗಿ ಬೆಳಕು ಚೆಲ್ಲುವ ಪದ್ಧತಿ. ಪ್ರಿಂಟಿನ ಕೆಲಸ ಮುಗಿಯುವವರೆಗೆ ಶಾಂತಾರಾಮ್‌ಗೆ ಅಲ್ಲಿ ನಿಲ್ಲಬೇಕಾಯಿತು. ಆ ಅವಧಿಯಲ್ಲಿ ಜರ್ಮನಿಯ ಸ್ಟುಡಿಯೋ ಕೆಲಸವನ್ನು ಹತ್ತಿರದಿಂದ ಕಂಡರು, ಅಲ್ಲಿನ ಚಿತ್ರಗಳನ್ನು ನೋಡಿದರು. ಬಾಗಿಲಲ್ಲಿ ನಿಂತು ಮಾಡಿದ ರೀತಿ ನೋಡುವ ಹುಬ್ಬಳ್ಳಿಯ ಅಭ್ಯಾಸ ಇಲ್ಲಿ ಕೈ ಬಿಡಲಿಲ್ಲ.

ಇನ್ನು ಬಣ್ಣದ ಪಾಡು. ಪ್ರಿಂಟು ಬಂದಾಗ ಅಂದುಕೊಂಡದ್ದು ಅದರಲ್ಲಿ ಇರಲಿಲ್ಲ. ಬಣ್ಣ ಕಣ್ಣಿಗೆ ಹೊಡೆಯುವಂತಿತ್ತು. ಆ ಕಾಲದ ಸಾಮಾನ್ಯ ಬಣ್ಣದ ವಿಧಾನಗಳಲ್ಲಿ ಮುಖ್ಯವಾಗಿ ಎರಡೇ ಬಣ್ಣ ದಾಖಲಾಗುತ್ತಿದ್ದವು, ಕೆಂಪಿನ ಕಡೆಯದೊಂದು, ನೀಲಿಹಸಿರಿನ ಕಡೆಯದೊಂದು. ಮಿಕ್ಕ ಬಣ್ಣಗಳನ್ನೆಲ್ಲ ಅವೆರಡರಲ್ಲೇ ಹೊಂದಿಸಬೇಕು. ನಮ್ಮ ಚರ್ಮದ ಎಣ್ಣೆಗಪ್ಪು, ಅರಿಶಿನ, ಕುಂಕುಮ, ಇಳಕಲ್ಲ ಸೀರೆಯ ದಡಿ, ಇವೆಲ್ಲ ಎರಡು ಬಣ್ಣದ ಲೆಕ್ಕಕ್ಕೆ ಸಿಗುವವೇ? 'ಸೈರಂಧ್ರಿ' ತೆರೆ ಕಂಡಿತು. ಜನ ಒಪ್ಪಲಿಲ್ಲ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಹಾಕಿ ತಂದ ಬಣ್ಣ ಸೋತಿತು. ಇಲ್ಲೇ ತಯಾರಾದ ಮೊದಲ ಬಣ್ಣದ ಚಿತ್ರ ಅನ್ನುವ ಹೆಸರು 1937ರಲ್ಲಿ ಆರ್ದೇಶಿರ್ ಇರಾನಿಯವರ 'ಕಿಸಾನ್ ಕನ್ಯಾ'ಕ್ಕೆ ಹೋಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ನಷ್ಟದ ಲೆಕ್ಕ, ಅಷ್ಟೇ. ಆದರೆ ಮುಂದಿನದನ್ನು ನೋಡಿ.

ಅದೇ 1933ರಲ್ಲಿ ಪ್ರಭಾತ್ ಕೊಲ್ಹಾಪುರ ಬಿಟ್ಟು ಪುಣೆಗೆ ಬಂತು. ಆಗ ಊರ ಹೊರಗಿದ್ದ ಎರಂಡವಣೆಯಲ್ಲಿ ದೊಡ್ಡ ಸ್ಟುಡಿಯೋ ಎದ್ದಿತು. ಅಲ್ಲಿ ಶಾಂತಾರಾಮ್ ಮಾಡಿದ ಮೊದಲ ಚಿತ್ರ 1934ರ 'ಅಮೃತಮಂಥನ'. ಒಂದು ರಾಜ್ಯ, ಅಲ್ಲಿ ದೇವಿಗೆ ಬಲಿ ಕೊಡುವ ಪದ್ಧತಿ. ರಾಜ ಅದನ್ನು ನಿಲ್ಲಿಸುತ್ತಾನೆ. ರಾಜಗುರು ಒಳಗೊಳಗೇ ಕುದಿದು ರಾಜನನ್ನೇ ಕೊಲ್ಲಿಸಲು ಸಂಚು ಹೂಡುತ್ತಾನೆ. ಸಂಚಿನ ಸಭೆ ಸೇರುವುದು ಕತ್ತಲಲ್ಲಿ. ಉರಿ ಆಡುತ್ತದೆ, ನೆರಳು ಏಳುತ್ತದೆ. ಆ ಕತ್ತಲಲ್ಲಿ ರಾಜಗುರುವಿನ ವೇಷದ ಚಂದ್ರಮೋಹನ್ ಅವರ ಕಣ್ಣು ತೆರೆಯ ತುಂಬ ಬರುತ್ತದೆ. ಟೆಲಿಫೋಟೋ ಲೆನ್ಸಿನಲ್ಲಿ ಹಿಡಿದ ಆ ಒಂದು ಕಣ್ಣಿನಿಂದ ಚಂದ್ರಮೋಹನ್ ದೇಶಕ್ಕೆಲ್ಲ ಗೊತ್ತಾದರು. ಬೊಂಬಾಯಿಯಲ್ಲಿ ಹಿಂದಿ 'ಅಮೃತಮಂಥನ' ಇಪ್ಪತ್ತೈದು ವಾರ ಓಡಿತು.

ಬಣ್ಣ ತರಲು ಹೋದವರು ಏನು ತಂದರು ಅನ್ನುವುದು ಇಲ್ಲಿ ಕಾಣುತ್ತದೆ. ಅವರು ತಂದದ್ದು ನೆರಳು. ಡಬ್ಬಿಯಲ್ಲಿ ಕಟ್ಟಿಕೊಂಡು ಬರುವ ವಸ್ತು ಅದಲ್ಲ, ಸುಂಕದವರ ಕಣ್ಣಿಗೂ ಬೀಳುವುದಿಲ್ಲ. ತಂದವರಿಗೂ ಆ ಕ್ಷಣ ಗೊತ್ತಿತ್ತೋ ಇಲ್ಲವೋ.

ಹಾಗಂತ ಅದು ಬರೀ ಜರ್ಮನಿಯ ನಕಲೇ? ನನಗೆ ಹಾಗೆ ಅನ್ನಿಸುವುದಿಲ್ಲ. 1937ರ 'ಕುಂಕೂ' ನೋಡಿದರೆ ಇದು ಸ್ಪಷ್ಟ. ಹಿಂದಿಯಲ್ಲಿ ಅದು 'ದುನಿಯಾ ನ ಮಾನೇ'. ನಾರಾಯಣ ಹರಿ ಆಪಟೆಯವರ ಕಾದಂಬರಿಯ ಮೇಲೆ ಮಾಡಿದ್ದು. ತಂದೆಯ ವಯಸ್ಸಿನ ವಿಧುರ ವಕೀಲನಿಗೆ ಮೋಸದಿಂದ ಒಬ್ಬ ಹುಡುಗಿಯನ್ನು ಮದುವೆ ಮಾಡಿಬಿಡುತ್ತಾರೆ. ಅವಳು ಅತ್ತು ಕರೆದು ಮೂಲೆ ಸೇರುವುದಿಲ್ಲ. ಇದು ಮದುವೆಯೇ ಅಲ್ಲ ಅಂತ ಆ ಮನೆಯಲ್ಲೇ ಇದ್ದು ಹಟ ಹಿಡಿಯುತ್ತಾಳೆ. ಶಾಂತಾ ಆಪ್ಟೆ ಆ ಹುಡುಗಿ, ಕೇಶವರಾವ್ ದಾತೆ ಆ ಮುದುಕ. ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಬೀದಿಯ ಸದ್ದು, ಮನೆಯ ಸದ್ದು, ಮುದುಕನ ಗೋಡೆ ಗಡಿಯಾರದ ಟಿಕ್ ಟಿಕ್. ಕನ್ನಡಿ, ಕೊಡೆ, ಗಡಿಯಾರ, ಇಂಥ ಮನೆಬಳಕೆಯ ಸಾಮಾನೇ ಪಾತ್ರಗಳ ಹಾಗೆ ಮಾತಾಡುತ್ತವೆ. ಜರ್ಮನಿಯವರ ನೆರಳು ದೆವ್ವದ್ದು, ಕೊಲೆಗಾರನದು. ಅದೇ ನೆರಳು ಇಲ್ಲಿ ಮಧ್ಯಮವರ್ಗದ ಮರಾಠಿ ಮನೆಯ ಅಡಿಗೆಮನೆಗೂ ಪಡಸಾಲೆಗೂ ಬಂದು ಕೂತಿತು. ನಮ್ಮ ಉತ್ತರ ಕರ್ನಾಟಕದ ಯಾವ ಮನೆಯಲ್ಲೂ ನಡೆಯಬಹುದಾಗಿದ್ದ ಕಥೆ. ಹೊರಗಿನಿಂದ ಕಲಿತದ್ದು ಅರಗಿದೆಯೋ ಇಲ್ಲವೋ ಅಂತ ನೋಡಬೇಕಾದದ್ದು ಇಂಥಲ್ಲಿ.

1942ರಲ್ಲಿ ಶಾಂತಾರಾಮ್ ಪ್ರಭಾತ್ ಬಿಟ್ಟರು. ಐದು ಬೆರಳು ಕೂಡಿದ ಮುಷ್ಟಿ ಬಿಚ್ಚಿಕೊಂಡಿತು. ಅವರು ಬೊಂಬಾಯಿಯಲ್ಲಿ ರಾಜ್‌ಕಮಲ್ ಕಲಾಮಂದಿರ ಕಟ್ಟಿದರು. ಇತ್ತ ಪ್ರಭಾತ್ ಹತ್ತು ವರ್ಷ ತೆವಳಿ 1953ರ ಹೊತ್ತಿಗೆ ಬಾಗಿಲು ಹಾಕಿತು. ತಪ್ಪು ಯಾರದು ಅನ್ನುವ ಪಂಚಾಯಿತಿ ಇಲ್ಲಿ ಬೇಡ. ದೊಡ್ಡ ಕಲಾವಿದರು ಒಂದೇ ಸೂರಿನಡಿ ಬಹಳ ದಿನ ಇರುವುದು ಕಷ್ಟ, ಅಷ್ಟು ಸಾಕು.

ಆದರೆ ಬಣ್ಣದ ಆಸೆ ಅವರನ್ನು ಬಿಟ್ಟಿರಲಿಲ್ಲ. 1955ರಲ್ಲಿ 'ಝನಕ್ ಝನಕ್ ಪಾಯಲ್ ಬಾಜೇ' ಬಂತು, ಟೆಕ್ನಿಕಲರ್‌ನಲ್ಲಿ. 'ಸೈರಂಧ್ರಿ' ಸೋತ ಇಪ್ಪತ್ತೆರಡು ವರ್ಷಕ್ಕೆ ಬಣ್ಣ ಅವರಿಗೆ ಒಲಿಯಿತು. ಜನ ಹಿಂಡು ಹಿಂಡಾಗಿ ನೋಡಿದರು. 1959ರಲ್ಲಿ 'ನವರಂಗ್', ಹೆಸರಿನಲ್ಲೇ ಒಂಬತ್ತು ಬಣ್ಣ. ಆದರೂ ಒಂದು ಮಾತು ಧೈರ್ಯ ಮಾಡಿ ಹೇಳುತ್ತೇನೆ, ಹಿರಿಯರು ಕ್ಷಮಿಸಬೇಕು. ಕೈ ತುಂಬ ಬಣ್ಣ ಸಿಕ್ಕ ಮೇಲೆ ಅವರ ಚಿತ್ರಗಳಲ್ಲಿ ಅಲಂಕಾರ ಹೆಚ್ಚಾಯಿತು, ಬಿಗಿ ಸಡಿಲಾಯಿತು. ಜಾತ್ರೆಯ ತೇರಿನ ಹಾಗೆ ನೋಡಲು ಸೊಗಸು, ಮನೆಗೆ ಬಂದ ಮೇಲೆ ನೆನಪಿನಲ್ಲಿ ನಿಲ್ಲುವುದು ಕಡಿಮೆ. 1933ರಲ್ಲೇ ಬಣ್ಣ ಗೆದ್ದಿದ್ದರೆ 'ಅಮೃತಮಂಥನ'ದ ಕತ್ತಲು, 'ಕುಂಕೂ'ವಿನ ಆ ಬರಿಯ ಗೋಡೆ ನಮಗೆ ಸಿಗುತ್ತಿದ್ದವೇ ಅಂತ ಅನುಮಾನ. ಸೋಲು ಅವರನ್ನು ಇಪ್ಪತ್ತೆರಡು ವರ್ಷ ಕಪ್ಪುಬಿಳುಪಿನಲ್ಲೇ ಇರಿಸಿತು. ಅವರ ಒಳ್ಳೆಯ ಚಿತ್ರಗಳು ಹೆಚ್ಚಿನವು ಆ ವರ್ಷಗಳ ಫಲ.

ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಎರಡು ಬಣ್ಣದ ಚಿತ್ರಗಳ ನಡುವೆ, 1957ರಲ್ಲಿ, ಅವರು ಮತ್ತೆ ಕಪ್ಪುಬಿಳುಪಿಗೆ ಬಂದು 'ದೋ ಆಂಖೇ ಬಾರಹ್ ಹಾಥ್' ಮಾಡಿದರು. ಹಿಂದಿನ ಔಂಧ್ ಸಂಸ್ಥಾನದಲ್ಲಿ ನಡೆದ ಬಯಲು ಬಂದೀಖಾನೆಯ ಪ್ರಯೋಗ ಅದರ ಹಿನ್ನೆಲೆ. ಆರು ಜನ ಕೊಲೆಗಾರ ಕೈದಿಗಳನ್ನು ಒಬ್ಬ ಜೈಲರ್ ಬರಡು ಹೊಲಕ್ಕೆ ಕರೆದುಕೊಂಡು ಹೋಗಿ ಮನುಷ್ಯರನ್ನಾಗಿ ಮಾಡುತ್ತಾನೆ. ಅವರನ್ನು ಕಾಯುವುದು ಅವನ ಎರಡು ಕಣ್ಣು, ಅಷ್ಟೇ. ಜೈಲರ್ ಪಾತ್ರ ಶಾಂತಾರಾಮ್ ಅವರದೇ. ಆ ಚಿತ್ರೀಕರಣದಲ್ಲಿ ಗೂಳಿಯೊಡನೆ ಸೆಣಸುವ ದೃಶ್ಯದಲ್ಲಿ ಅವರ ಕಣ್ಣಿಗೇ ಪೆಟ್ಟು ಬಿತ್ತು. ಕೆಲವು ಕಾಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದರು. ದೃಷ್ಟಿ ಮರಳಿತು. ಆ ಕತ್ತಲಿನ ದಿನಗಳಿಂದಲೇ 'ನವರಂಗ್' ಹುಟ್ಟಿತಂತೆ. ಕಣ್ಣು ಹೋಗುತ್ತದೆ ಅಂತ ಹೆದರಿದವರಿಗೆ ಬಣ್ಣದ ಹಸಿವು ಎಷ್ಟಿರಬೇಡ! ಅದನ್ನು ನೆನೆದಾಗ ಮೇಲೆ ನಾನಾಡಿದ ಮಾತಿನ ಒರಟುತನಕ್ಕೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

'ದೋ ಆಂಖೇ ಬಾರಹ್ ಹಾಥ್' 1958ರಲ್ಲಿ ಬರ್ಲಿನ್ ಚಿತ್ರೋತ್ಸವಕ್ಕೆ ಹೋಯಿತು. ಬೆಳ್ಳಿ ಕರಡಿ ಪ್ರಶಸ್ತಿ ಗೆದ್ದಿತು. ಇಪ್ಪತ್ತೈದು ವರ್ಷದ ಹಿಂದೆ ಯಾವ ದೇಶಕ್ಕೆ ಬಣ್ಣ ಬೇಡಿಕೊಂಡು ಹೋಗಿದ್ದರೋ ಆ ದೇಶದವರೇ ಅವರ ಕಪ್ಪುಬಿಳುಪನ್ನು ಮೆಚ್ಚಿ ಕೈಗೆ ಕರಡಿ ಕೊಟ್ಟರು. ನಡುವೆ ಒಂದು ಮಹಾಯುದ್ಧ ಮುಗಿದಿತ್ತು, ಆ ಹಳೆಯ ಬರ್ಲಿನ್ ಬೂದಿಯಾಗಿ ಮತ್ತೆ ಎದ್ದಿತ್ತು.

ಶಾಂತಾರಾಮ್ ಅವರಿಗೆ 1985ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. 1990ರ ಅಕ್ಟೋಬರ್ 30ರಂದು ಬೊಂಬಾಯಿಯಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅವರು ಹೋದ ಮೇಲೆ, 1992ರಲ್ಲಿ.

ಪ್ರಭಾತ್‌ದ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ನಮ್ಮ ಗಿರೀಶ ಕಾರ್ನಾಡರು ಅಲ್ಲಿ ನಿರ್ದೇಶಕರಾಗಿದ್ದರು. ತೀರ್ಥಹಳ್ಳಿ ಕಡೆಯ ಗಿರೀಶ ಕಾಸರವಳ್ಳಿ ಅಲ್ಲೇ ಕಲಿತು 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಅದೂ ಕಪ್ಪುಬಿಳುಪು. ಮಲೆನಾಡಿನ ಆ ಮನೆಯ ಒಳಗತ್ತಲು, ಆ ದೀಪ, ಆ ಹುಡುಗನ ಕಣ್ಣು. 1933ರಲ್ಲಿ ಜರ್ಮನಿಯಿಂದ ಬಂದ ನೆರಳಿಗೂ ಇದಕ್ಕೂ ನೇರ ಸಂಬಂಧ ಹೇಳಿದರೆ ಮೇಷ್ಟರು ಒಪ್ಪಲಿಕ್ಕಿಲ್ಲ. ಆದರೆ ಎರಡೂ ಒಂದೇ ಅಂಗಳದಲ್ಲಿ ಓಡಾಡಿದ್ದು ನಿಜ.

ಪರೀಕ್ಷೆ ಮುಗಿದ ಮೇಲೆ ನಮ್ಮ ವರ್ತುಲದವರು ಒಂದು ಸಂಜೆ ಕೂಡಿ 'ಕುಂಕೂ' ನೋಡಬೇಕು ಅಂತ ನನ್ನ ಸೂಚನೆ. ಹುಡುಕಿದರೆ ಸಿಗುತ್ತದೆ. ನಮ್ಮಲ್ಲಿ ನಾಲ್ಕೈದು ಜನ ಮುಂದಿನ ವರ್ಷ ಹೊರದೇಶಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿದ್ದಾರೆ. ಹೋದ ಕೆಲಸ ಕೈಗೂಡಲಿ. ಒಂದು ವೇಳೆ ಕೈಗೂಡದೆ ಬಂದರೂ ಬರಿಗೈಯಲ್ಲಿ ಬಂದೆ ಅಂತ ತಲೆ ತಗ್ಗಿಸಿ ಕೂಡುವ ಮೊದಲು ಆ ಗೋಡೆ ಗಡಿಯಾರದ ಸದ್ದು ಒಂದು ಸಲ ಕೇಳಿಸಿಕೊಳ್ಳಲಿ.